ವರದಿ ಕೈಸೇರಿದ ಮೇಲೆ: ಕರ್ನಾಟಕ ಲೋಕಾಯುಕ್ತ ಕಾಯ್ದೆಯ 12ನೇ ಕಲಂ

ಲೋಕಾಯುಕ್ತವೆಂದರೆ ದಾಳಿ ಎಂಬುದು ಕರ್ನಾಟಕದಲ್ಲಿ ರೂಢಿಯಾಗಿಬಿಟ್ಟಿರುವ ಭಾವನೆ. ದಾಳಿ ನಡೆಸುವ ಪೊಲೀಸರಿಗೆ ಬಲ ಕೊಡುವುದು ಭ್ರಷ್ಟಾಚಾರ ತಡೆ ಕಾಯ್ದೆ. 1984ರ ಲೋಕಾಯುಕ್ತ ಕಾಯ್ದೆಯ ಜೀವಾಳ ಬೇರೆ: ದೂರು, ವಿಚಾರಣೆ, ವರದಿ. ಮೊರಾರ್ಜಿ ದೇಸಾಯಿ ನೇತೃತ್ವದ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಶಿಫಾರಸು ಮಾಡಿದ್ದೂ ಇಂಥ ಒಂಬುಡ್ಸ್‌ಮನ್ ವ್ಯವಸ್ಥೆಯನ್ನೇ.

ವರದಿಯ ಗತಿಯನ್ನು ನಿರ್ಧರಿಸುವುದು 12ನೇ ಕಲಂ. ಆಪಾದನೆ ರುಜುವಾತಾದರೆ ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ಶಿಫಾರಸು ಕಳಿಸುತ್ತಾರೆ. ಕೈಗೊಂಡ ಅಥವಾ ಕೈಗೊಳ್ಳಲಿರುವ ಕ್ರಮವನ್ನು ಮೂರು ತಿಂಗಳೊಳಗೆ ಅದು ತಿಳಿಸಬೇಕು. ಉತ್ತರ ಸಮಾಧಾನ ತರದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ, ಅಲ್ಲಿಂದ ವಿವರಣಾ ಟಿಪ್ಪಣಿಯೊಡನೆ ವಿಧಾನಮಂಡಲಕ್ಕೆ. ಕಾಗದದಲ್ಲಿ ಸರಪಳಿ ಪೂರ್ಣವಾಗಿದೆ. ತೊಡಕಿರುವುದು ಸರ್ಕಾರಿ ನೌಕರನ ಮಟ್ಟಿಗೆ ಆ ಸಕ್ಷಮ ಪ್ರಾಧಿಕಾರ ಸರ್ಕಾರವೇ ಆಗಿರುವುದರಲ್ಲಿ. ಯಾರ ಆಡಳಿತದ ಮೇಲೆ ದೂರೋ, ಶಿಫಾರಸನ್ನು ಒಪ್ಪುವ ಬಿಡುವ ಮಾತೂ ಅವರದೇ.

ಇದಕ್ಕೆ ಎದುರುತ್ತರವಾಗಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯನ್ನು ತೋರಿಸುವವರಿದ್ದಾರೆ. 2007ರಲ್ಲಿ ಸರ್ಕಾರವೇ ಒಪ್ಪಿಸಿದ ತನಿಖೆ ಅದು. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸಲ್ಲಿಸಿದ ಅಂತಿಮ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆದರೆ ಅವರನ್ನು ಇಳಿಸಿದ್ದು ಕಲಮಿನ ಬಲವಲ್ಲ, ಪಕ್ಷದ ವರಿಷ್ಠರ ಮೇಲೆ ಬಿದ್ದ ಒತ್ತಡ. ವರದಿಯ ಆಧಾರದ ಮೇಲೆ ಅವರ ವಿರುದ್ಧ ದಾಖಲಾಗಿದ್ದ ಎಫ್‌ಐಆರ್ ಅನ್ನು 2012ರ ಮಾರ್ಚ್‌ನಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ನಾಡಕಚೇರಿಯ ಗುಮಾಸ್ತನ ಮೇಲಿನ ದೂರಿಗೆ ಟಿ.ವಿ. ಕ್ಯಾಮೆರಾಗಳ ಬೆಂಬಲ ಇರುವುದಿಲ್ಲ. ಅಲ್ಲಿ ದೂರುದಾರನಿಗೆ ಉಳಿಯುವುದು ಕಾನೂನು ಮಾತ್ರ, ಅದರ ಕೊರತೆ ಕಾಡುವುದೂ ಅವನನ್ನೇ.

ನಂತರದ ವರ್ಷಗಳ ಜಗಳವೆಲ್ಲ ಪೊಲೀಸ್ ವಿಭಾಗದ ಸುತ್ತ ನಡೆಯಿತು. 2015ರಲ್ಲಿ ಸಂಸ್ಥೆಯೊಳಗಿನಿಂದಲೇ ಸುಲಿಗೆಯ ಆರೋಪ ಎದ್ದು ಲೋಕಾಯುಕ್ತರೇ ಹುದ್ದೆ ಬಿಡಬೇಕಾಯಿತು. ಮರುವರ್ಷ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಿ ಪೊಲೀಸ್ ಅಧಿಕಾರವನ್ನು ಅತ್ತ ಒಯ್ದಿತು; 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ದಳವನ್ನು ರದ್ದುಪಡಿಸಿತು. ಅಧಿಕಾರ ಮರಳಿದ್ದು ಸರಿಯೇ. ಆದರೆ ಅದರಿಂದ 12ನೇ ಕಲಮಿಗೆ ಹೊಸ ಬಲವೇನೂ ಬರಲಿಲ್ಲ.

ಎಲ್ಲ ಶಿಫಾರಸೂ ಸರ್ಕಾರವನ್ನು ಕಟ್ಟಿಹಾಕಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಹಾಗಾದರೆ ಒಂಬುಡ್ಸ್‌ಮನ್ ಇನ್ನೊಂದು ನ್ಯಾಯಾಲಯವಾಗುತ್ತದೆ. ತಿದ್ದುಪಡಿ ಬೇಕಿರುವುದು ಚಿಕ್ಕದು: ತಿರಸ್ಕರಿಸಿದ ಪ್ರತಿಯೊಂದು ಶಿಫಾರಸಿಗೂ ಸಕ್ಷಮ ಪ್ರಾಧಿಕಾರ ಕಾರಣ ಬರೆದು, ಗೊತ್ತುಪಡಿಸಿದ ಅವಧಿಯೊಳಗೆ ಸದನದ ಮುಂದಿಡಬೇಕು, ಅದರ ಪ್ರತಿ ದೂರುದಾರನ ಕೈಗೂ ತಲುಪಬೇಕು.