ಓಮ್ನಿಯಿಂದ ಈಕೋಗೆ: ಮಲೆನಾಡಿನ ದಾರಿಯಿಂದ ಒಂದು ಟಿಪ್ಪಣಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ‘ಓಮ್ನಿ ಹೋಯ್ತು, ಈಕೋ ಬಂತು’ ಎನ್ನುವುದು ರೂಢಿಯ ಮಾತು. ಇಸವಿಗಳನ್ನು ನೋಡಿದರೆ ಇದು ನಿಲ್ಲುವುದಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು 1988ರಲ್ಲಿ ಓಮ್ನಿ ಎನಿಸಿಕೊಂಡ ಗಾಡಿಯ ತಯಾರಿಕೆ ನಿಂತದ್ದು 2019ರಲ್ಲಿ. ಈಕೋ ಬಂದದ್ದು 2010ರ ಜನವರಿಯಲ್ಲಿ. ಸುಮಾರು 9 ವರ್ಷ ಎರಡೂ ಒಟ್ಟಿಗೆ ಮಾರಾಟವಾದವು. ಓಮ್ನಿಯನ್ನು ಕೊನೆಗೆ ಹೊರಗಟ್ಟಿದ್ದು ಅಪಘಾತ ಸುರಕ್ಷತೆಯ ಹೊಸ ನಿಯಮ: ಬಾನೆಟ್ಟಿಲ್ಲದ, ಚಾಲಕನ ಮೊಣಕಾಲಿನ ಮುಂದೆ ತಗಡಷ್ಟೇ ಇದ್ದ ಒಡಲನ್ನು ಅದಕ್ಕೆ ಹೊಂದಿಸುವುದು ಕಷ್ಟವಿತ್ತು.

ವಂಶಾವಳಿಯೂ ನೇರವಾಗಿಲ್ಲ. ಓಮ್ನಿಯ ಮೂಲ ಸುಜುಕಿಯ ಹಳೆಯ ಕ್ಯಾರಿ. ಈಕೋಗೆ ಒಡಲು ಕೊಟ್ಟದ್ದು 2001ರ ವರ್ಸಾ. ಬಚ್ಚನ್ ತಂದೆ-ಮಗ ಇಬ್ಬರೂ ಜಾಹೀರಾತಿಗೆ ನಿಂತರೂ ಮಾರಾಟವಾಗದೆ ಉಳಿದ ಗಾಡಿ. ಈಕೋವನ್ನು ಓಮ್ನಿಯ ಮಗ ಎನ್ನುವುದಕ್ಕಿಂತ ದಾಯಾದಿ ಎನ್ನುವುದು ವಾಸಿ.

ಆದರೂ ಅಡಿಕೆ ತೋಟದವರು ಅದನ್ನು ಓಮ್ನಿಯ ಜಾಗದಲ್ಲೇ ಕೂರಿಸಿದರು. ಪಕ್ಕಕ್ಕೆ ಸರಿಯುವ ಬಾಗಿಲು, ಮುಂದಿನ ಸೀಟಿನಡಿಯ ಎಂಜಿನ್ ಉಳಿದವು, ನಿಜ. ನನಗೆ ಮುಖ್ಯವೆನಿಸುವುದು ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ವ್ಯವಸ್ಥೆ. ಚೀಲ ಹೇರಿಕೊಂಡು ಏರು ಹತ್ತುವಾಗ ಭಾರ ಹಿಂದಕ್ಕೆ ಬಿದ್ದು, ತಳ್ಳುವ ಚಕ್ರಗಳೇ ನೆಲ ಕಚ್ಚುತ್ತವೆ. ಖಾಲಿ ಗಾಡಿಯದು ಬೇರೆ ಕಥೆ. ಮಳೆಗಾಲದ ಮಣ್ಣುದಾರಿಯಲ್ಲಿ ಹಿಂಚಕ್ರ ಸುಮ್ಮನೆ ಗಿರಗುಟ್ಟುತ್ತದೆ. ಈ ದೋಷವೂ ಎರಡಕ್ಕೂ ಸಮಾನ.

ಎಂಜಿನ್ 796 ಸಿಸಿಯಿಂದ 1196 ಸಿಸಿಗೆ ಏರಿತು, 4 ಗೇರು 5 ಆದವು. ಹುಲಿಕಲ್ ಘಾಟಿಯಲ್ಲಿ ತುಂಬಿದ ಗಾಡಿ ಹತ್ತಿಸುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಹೆಚ್ಚು ಕುತೂಹಲದ ಬದಲಾವಣೆ ಚಕ್ರಗಳ ನಡುವಿನದು. ಗಾಡಿಯ ಉದ್ದ 3370ರಿಂದ 3675 ಮಿ.ಮೀ.ಗೆ ಬೆಳೆದರೆ, ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 1840ರಿಂದ 2350ಕ್ಕೆ ಜಿಗಿಯಿತು. ಉದ್ದಕ್ಕಿಂತ ಅಂತರ ಹೆಚ್ಚು ಬೆಳೆಯಲು ಕಾರಣ, ಓಮ್ನಿಯಲ್ಲಿ ಸೀಟಿನಡಿಯಲ್ಲಿದ್ದ ಮುಂಚಕ್ರ ಈಕೋದಲ್ಲಿ ಮೂತಿಯ ಕಡೆಗೆ ಸರಿದದ್ದು. ಚಕ್ರದ ಮೇಲೆಯೇ ಕೂತು ಪ್ರತಿ ಹೊಂಡದ ಪೆಟ್ಟು ತಿನ್ನುತ್ತಿದ್ದ ಚಾಲಕನ ಬೆನ್ನಿಗೆ ಇದರಿಂದ ಉಪಕಾರವಾಯಿತು. ಅದಕ್ಕೆ ತೆತ್ತದ್ದು ತಿರುವಿನಲ್ಲಿ: ತಿರುಗುವ ತ್ರಿಜ್ಯ 4.1 ಮೀಟರಿನಿಂದ 4.5ಕ್ಕೆ ಹೋಯಿತು. ಆಗುಂಬೆಯ ತಿರುವುಗಳಲ್ಲಿ ಇದು ಲೆಕ್ಕಕ್ಕಿಲ್ಲ; ಓಮ್ನಿ ಒಂದೇ ಸುತ್ತಿಗೆ ತಿರುಗುತ್ತಿದ್ದ ಇಕ್ಕಟ್ಟಿನ ಮನೆಯಂಗಳದಲ್ಲಿ ಮಾತ್ರ ಈಕೋ ಒಮ್ಮೆ ರಿವರ್ಸ್ ಕೇಳುತ್ತದೆ.