ಅಸಿಂಧು ಪಾದ್ರಿಯ ಕ್ಷಮೆ: ಲೂಯಿಸ್ ಅರ್ಡ್ರಿಕ್ ಕಾದಂಬರಿಯಲ್ಲಿ ಸಂಸ್ಕಾರ ಮತ್ತು ಗುಟ್ಟು

ಲೂಯಿಸ್ ಅರ್ಡ್ರಿಕ್ ಅವರ ‘ದ ಲಾಸ್ಟ್ ರಿಪೋರ್ಟ್ ಆನ್ ದ ಮಿರಕಲ್ಸ್ ಅಟ್ ಲಿಟಲ್ ನೋ ಹಾರ್ಸ್’ (2001) ಕಾದಂಬರಿಯನ್ನು ಲಿಂಗಗುರುತಿನ ಕಥನವಾಗಿ ಓದುವುದು ವಾಡಿಕೆ. ಆ ಓದಿನಲ್ಲಿ ತಪ್ಪೇನಿಲ್ಲ. ಆದರೆ ಕೃತಿಯ ಮೂಲ ಬಿಕ್ಕಟ್ಟು ಇರುವುದು ಕ್ಯಾಥೊಲಿಕ್ ಸಂಸ್ಕಾರಗಳ ಸಿಂಧುತ್ವದಲ್ಲಿ ಎಂಬುದು ಈ ಲೇಖನದ ವಾದ.

ಏಗ್ನೆಸ್ ಡಿವಿಟ್ ಒಮ್ಮೆ ಸಿಸಿಲಿಯಾ ಎಂಬ ಕನ್ಯಾಸ್ತ್ರೀ. ಪಿಯಾನೊದಲ್ಲಿ ಶೊಪಾಂ ನುಡಿಸುತ್ತ ಮೈಮರೆಯುತ್ತಿದ್ದವಳು ಮಠ ತೊರೆದು ಜರ್ಮನ್ ಮೂಲದ ರೈತನೊಬ್ಬನ ಜೊತೆ ಬಾಳುತ್ತಾಳೆ. ಬ್ಯಾಂಕ್ ದರೋಡೆಕೋರನ ದೆಸೆಯಿಂದ ಅವನೂ ಇಲ್ಲವಾಗುತ್ತಾನೆ. ಪ್ರವಾಹದಲ್ಲಿ ಕೊಚ್ಚಿಹೋಗಿ ಬದುಕುಳಿದ ಆಕೆ, ನೀರುಪಾಲಾದ ಪಾದ್ರಿ ಡೇಮಿಯನ್ ಮೊಡೆಸ್ಟ್‌ನ ನಿಲುವಂಗಿ ತೊಟ್ಟು 1912ರಲ್ಲಿ ಓಜಿಬ್ವೆ ಮೂಲನಿವಾಸಿಗಳ ರಿಸರ್ವೇಶನ್ ಲಿಟಲ್ ನೋ ಹಾರ್ಸ್‌ಗೆ ಬರುತ್ತಾಳೆ. ಮುಂದಿನ ಎಂಟು ದಶಕಗಳಿಗೂ ಹೆಚ್ಚು ಕಾಲ ಆಕೆಯೇ ಫಾದರ್ ಡೇಮಿಯನ್.

ಆ ಊರು ಕಲ್ಪಿತ, ಅಲ್ಲಿನ ಹಸಿವು ಕಲ್ಪಿತವಲ್ಲ. ಅರ್ಡ್ರಿಕ್ ಉತ್ತರ ಡಕೋಟಾದ ಟರ್ಟಲ್ ಮೌಂಟನ್ ಓಜಿಬ್ವೆ ಸಮುದಾಯದವರು. 1892ರ ಮೆಕಂಬರ್ ಒಪ್ಪಂದದಲ್ಲಿ ಆ ಜನ ಸುಮಾರು ಒಂದು ಕೋಟಿ ಎಕರೆಯನ್ನು ಹತ್ತು ಲಕ್ಷ ಡಾಲರಿಗೆ ಕಳೆದುಕೊಂಡರು, ಅಂದರೆ ಎಕರೆಗೆ ಹತ್ತು ಸೆಂಟ್. 1887ರ ಡಾಸ್ ಕಾಯ್ದೆಯಡಿ ಸಮುದಾಯದ ಸ್ವತ್ತನ್ನು ತುಂಡು ಮಾಡಿ ತಲೆಗಿಷ್ಟು ಎಂದು ಹಂಚಲಾಯಿತು. ತೆರಿಗೆ ಕಟ್ಟಲಾಗದವರ ಜಮೀನು ಮರದ ಕಂಪನಿಗಳ ಪಾಲಾಗುವ ಬಗೆಯನ್ನು ಅರ್ಡ್ರಿಕ್ ‘ಟ್ರ್ಯಾಕ್ಸ್’ (1988) ಕಾದಂಬರಿಯಲ್ಲೇ ಫ್ಲೂರ್ ಪಿಲ್ಲೇಜರ್ ಪಾತ್ರದ ಮೂಲಕ ಚಿತ್ರಿಸಿದ್ದರು.

ಇನ್ನು ಧರ್ಮಸಭೆಯ ಕಾನೂನು. ಯಾಜಕದೀಕ್ಷೆ ದೀಕ್ಷಾಸ್ನಾನ ಪಡೆದ ಪುರುಷನಿಗೆ ಮಾತ್ರ. ಆದರೆ ಇದರಿಂದ ಡೇಮಿಯನ್ ಮಾಡಿದ್ದೆಲ್ಲ ಒಂದೇ ಪ್ರಮಾಣದಲ್ಲಿ ಬಿದ್ದುಹೋಗುವುದಿಲ್ಲ. ದೀಕ್ಷಾಸ್ನಾನವನ್ನು ಅಗತ್ಯ ಬಿದ್ದಾಗ ಯಾರು ಬೇಕಾದರೂ ಕೊಡಬಹುದು, ಅದು ನಿಲ್ಲುತ್ತದೆ. ಬಲಿಪೂಜೆ ನಿಲ್ಲುವುದಿಲ್ಲ, ಪಾಪನಿವೇದನೆ ಕೇಳಿ ನೀಡಿದ ಕ್ಷಮೆಯಂತೂ ಪೂರ್ತಿ ಶೂನ್ಯ. ಹೀಗಿರುವಾಗ ಅರ್ಡ್ರಿಕ್ ಡೇಮಿಯನ್‌ಗೆ ಕೊಟ್ಟ ವಿಶೇಷ ಶಕ್ತಿ ಯಾವುದು? ಕ್ಷಮಿಸುವುದು! ಕಾನೂನಿನ ಪ್ರಕಾರ ತೀರಾ ಟೊಳ್ಳಾದ ಸಂಸ್ಕಾರದ ಮೇಲೆಯೇ ಕಾದಂಬರಿ ತನ್ನ ಇಡೀ ಭಾರವನ್ನು ಹೇರಿದೆ. ಇದು ಆಕಸ್ಮಿಕ ಎನ್ನಲು ಮನಸ್ಸು ಒಪ್ಪದು.

ಮೋಸ ಯಾರಿಗೆ ಎಂಬ ಪ್ರಶ್ನೆಗೂ ಸರಳ ಉತ್ತರವಿಲ್ಲ. ಚದುರಂಗದ ಆಟದ ನಡುವೆ ನಾನಾಪುಷ್ ಎಂಬ ಮುದುಕ ಫಕ್ಕನೆ ಕೇಳುತ್ತಾನೆ: ಗಂಡು ಪಾದ್ರಿಯಂತೆ ಏಕೆ ನಟಿಸುತ್ತೀ? ಎದುರಾಳಿಯ ಗಮನ ತಪ್ಪಿಸುವ ಹೂಟವೂ ಅದರಲ್ಲಿದೆ. ಅವನಿಗೆ ಇದು ಹಗರಣವಲ್ಲ; ಹೆಣ್ಣು ಗಂಡಿನ ಬಾಳು ಬಾಳುವುದಕ್ಕೆ ಅವನ ಪರಂಪರೆಯಲ್ಲಿ ಜಾಗವಿದೆ. ಕ್ಷಮೆ ಪಡೆಯುವವರಲ್ಲಿ ಒಬ್ಬನಿಗೆ ಎಲ್ಲ ಗೊತ್ತಿದ್ದೂ ಗೆಳೆತನ ಕೆಡುವುದಿಲ್ಲ. ಗುಟ್ಟು ಮುಚ್ಚಿಟ್ಟಿರುವುದು ಮುಖ್ಯವಾಗಿ ರೋಮ್‌ನಿಂದ, ಆ ರೋಮ್‌ಗೇ ಡೇಮಿಯನ್ ವರ್ಷಗಟ್ಟಲೆ ಪತ್ರ ಬರೆಯುತ್ತಾರೆ.

1996ರಲ್ಲಿ ಧರ್ಮಸಭೆಯ ಪರವಾಗಿ ಫಾದರ್ ಜೂಡ್ ಮಿಲ್ಲರ್ ಬರುವುದು, ಅಲ್ಲಿನ ಸಿಸ್ಟರ್ ಲಿಯೊಪೋಲ್ಡಾಳಿಗೆ ಸಂತ ಪದವಿ ಸಲ್ಲುವುದೇ ಎಂದು ತಿಳಿಯಲು ಆಕೆಯ ಪವಾಡಗಳ ತನಿಖೆಗೆ. ಅಮೆರಿಕದ ಮೂಲನಿವಾಸಿ ಕಟೇರಿ ಟೆಕಕ್ವಿತಾಳನ್ನು ಧರ್ಮಸಭೆ 1980ರಲ್ಲಿ ಸಂತ ಪದವಿಯ ಹಿಂದಿನ ಮೆಟ್ಟಿಲಿಗೆ ಏರಿಸಿತ್ತು. ಜೂಡ್‌ನ ಕೆಲಸ ಆ ಕಾಲಕ್ಕೆ ಅಸಹಜವಲ್ಲ. ಆದರೆ ಮಠ ಸೇರುವ ಮೊದಲು ಪಾಲಿನ್ ಪುಯಾ ಆಗಿದ್ದ ಲಿಯೊಪೋಲ್ಡಾ ಕೊಲೆಗಾತಿ. ಆಕೆಯ ಅಂಗೈ ಗಾಯಗಳನ್ನು ದೈವಕೃಪೆಯ ಗುರುತೆಂದು ಭಕ್ತರು ನಂಬಬಹುದು. ಅವು ಕೊಲೆಗೆ ಬಳಸಿದ ಮುಳ್ಳುತಂತಿಯ ಜಪಮಾಲೆ ಕೊರೆದವು. ಇದನ್ನು ಬಲ್ಲ ಡೇಮಿಯನ್ ಬಾಯಿ ಬಿಟ್ಟರೆ ತನ್ನ ಗುಟ್ಟೂ ಬಯಲು, ಏಕೆಂದರೆ ಲಿಯೊಪೋಲ್ಡಾಳಿಗೂ ಅದು ಗೊತ್ತು. ವಿಧಿವತ್ತಾಗಿ ವ್ರತ ತೊಟ್ಟ ಕನ್ಯಾಸ್ತ್ರೀ ಕೊಲೆಗಾತಿ, ಯಾಜಕದೀಕ್ಷೆಯೇ ಇಲ್ಲದವರು ಸಾಕ್ಷಿ.

ಕೃತಿಯಲ್ಲಿ ಸಡಿಲ ಭಾಗಗಳೂ ಇವೆ. ಫಾದರ್ ಗ್ರೆಗರಿ ವೆಕ್ಲ್ ಜೊತೆಗಿನ ಪ್ರೇಮ ಓದಿಸಿಕೊಂಡು ಹೋಗುತ್ತದಾದರೂ ಸಂಸ್ಕಾರದ ಪ್ರಶ್ನೆಯನ್ನು ಬದಿಗೊತ್ತುತ್ತದೆ. ಕ್ಯಾಶ್ಪಾ ಎಂಬಾತನ ಕುಟುಂಬದ ಪ್ರಸಂಗ ಹಾಗಲ್ಲ. ಬಹುಪತ್ನಿಯರ ಆ ಮನೆಯನ್ನು ಕ್ರೈಸ್ತ ವಿವಾಹದ ಅಳತೆಗೆ ತರಲು ಹೋಗಿ ಡೇಮಿಯನ್ ಅದನ್ನು ಒಡೆಯುತ್ತಾರೆ. ಅದರ ಬೆನ್ನಿಗೇ ಹುಚ್ಚು, ಸಾವು ಬರುತ್ತವೆ. ದೀಕ್ಷೆ ಸಿಂಧುವಾಗಿದ್ದ ಯಾವ ಮಿಷನರಿಗೂ ಇದಕ್ಕಿಂತ ಹೆಚ್ಚಿನ ಹಾನಿ ಮಾಡಲು ಸಾಧ್ಯವಿರಲಿಲ್ಲ.