ಕೇಳಿದವರಿಗೆ ಹೇಳಿದವರು

ಕಂಪ್ಯೂಟರಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಯಂತ್ರವನ್ನು ಕಟ್ಟಿದವರ ಚರಿತ್ರೆ, ಇಲ್ಲವೆ ಅದರಿಂದ ಹಣ ಗಳಿಸಿದವರ ಚರಿತ್ರೆ. ಇದಲ್ಲದೆ ಇನ್ನೊಂದು ಚರಿತ್ರೆಯೂ ಉಂಟು. ಪ್ರೋಗ್ರಾಮು ಬರೆಯಲು ಹೊರಟು ನಡುದಾರಿಯಲ್ಲಿ ಕಂಗಾಲಾದವರು ಯಾರನ್ನು ಕೇಳಿದರು, ಬಲ್ಲವರು ಅವರಿಗೆ ಯಾವ ಬಗೆಯಲ್ಲಿ ಉತ್ತರ ಹೇಳಿದರು ಎಂಬುದೇ ಅದು. ನಾನು ಕನ್ನಡ ಪಾಠ ಹೇಳುವವನು. ಯಂತ್ರದ ಒಳಗುಟ್ಟು ನನ್ನ ವಿಷಯವಲ್ಲ. ಆದರೆ ಪ್ರಶ್ನೋತ್ತರವೆಂಬುದು ಮೂಲತಃ ಮಾತಿನ ವ್ಯವಹಾರ. ಆ ಕಾರಣದಿಂದ ಈ ಚರಿತ್ರೆ ನನ್ನ ಕುತೂಹಲವನ್ನು ಕೆರಳಿಸಿದೆ.

ಮೊದಲ ದಿನಗಳಲ್ಲಿ ಕೇಳುವವರೂ ಹೇಳುವವರೂ ಸಮಾನದುಃಖಿಗಳಾಗಿದ್ದರು. ಐ.ಬಿ.ಎಂ. ಕಂಪೆನಿಯ 704 ಎಂಬ ಯಂತ್ರವನ್ನು ತರಿಸಿಕೊಳ್ಳಲಿದ್ದ ಸಂಸ್ಥೆಗಳು 1955ರಲ್ಲಿ ಅಮೆರಿಕದಲ್ಲಿ 'ಷೇರ್' ಎಂಬ ಬಳಕೆದಾರರ ಸಂಘವನ್ನು ಕಟ್ಟಿಕೊಂಡವು. ವಿಮಾನ ತಯಾರಿಸುವ ಕಂಪೆನಿಗಳು ಅದರಲ್ಲಿ ಪ್ರಮುಖವಾಗಿದ್ದವು. ಮಾರುಕಟ್ಟೆಯಲ್ಲಿ ಅವು ಒಂದಕ್ಕೊಂದು ಪ್ರತಿಸ್ಪರ್ಧಿಗಳು. ಇಲ್ಲಿ ಮಾತ್ರ ಒಬ್ಬರು ಬರೆದ ಪ್ರೋಗ್ರಾಮನ್ನು ಮತ್ತೊಬ್ಬರು ಪಡೆಯಬಹುದಾಗಿತ್ತು. ಎಲ್ಲರೂ ಅದೇ ಕಷ್ಟವನ್ನು ಬೇರೆಬೇರೆಯಾಗಿ ಪಡುವುದರಲ್ಲಿ ಅರ್ಥವಿಲ್ಲವೆಂಬುದು ಅವರಿಗೆ ಮನವರಿಕೆಯಾಗಿತ್ತು.

ಜೆರಾಲ್ಡ್ ವೈನ್‌ಬರ್ಗ್ ಎಂಬವರು ಪ್ರೋಗ್ರಾಮು ಬರೆಯುವವರ ಮನೋಧರ್ಮವನ್ನು ಕುರಿತು 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ವಿಶ್ವವಿದ್ಯಾನಿಲಯವೊಂದರ ಕಂಪ್ಯೂಟರ್ ಕೇಂದ್ರದಲ್ಲಿ ವಿದ್ಯಾರ್ಥಿಗಳೆಲ್ಲ ಸೇರುವ ಒಂದು ಹಜಾರ. ಅಲ್ಲಿ ಕಾಸು ಹಾಕಿದರೆ ತಿಂಡಿ, ಪಾನೀಯ ಕೊಡುವ ಯಂತ್ರಗಳು. ಸಂದೇಹ ಪರಿಹರಿಸಲು ಸಮೀಪದಲ್ಲೇ ಸಂಬಳದ ಸಲಹೆಗಾರರು. ಗದ್ದಲ ಹೆಚ್ಚಾಯಿತೆಂದು ದೂರು ಬಂದಿತು. ಮೇಲ್ವಿಚಾರಕರು ಬಂದು ನೋಡಿ ತಿಂಡಿಯ ಯಂತ್ರಗಳನ್ನು ತೆಗೆಸಿಬಿಟ್ಟರು. ಹಜಾರ ಶಾಂತವಾಯಿತು. ಆದರೆ ಸ್ವಲ್ಪದರಲ್ಲೇ ಸಲಹೆಗಾರರು ಸಾಲದೆಂಬ ಹೊಸ ದೂರು ಎದ್ದಿತು. ಕಾಫಿ ಹೀರುತ್ತ ಹರಟುತ್ತಿದ್ದ ಹುಡುಗರು ಒಬ್ಬರ ತೊಡಕನ್ನು ಇನ್ನೊಬ್ಬರು ಬಿಡಿಸುತ್ತಿದ್ದರು. ಬಿಡಿಸಲಾಗದ್ದು ಮಾತ್ರ ಸಲಹೆಗಾರರವರೆಗೆ ಹೋಗುತ್ತಿತ್ತು. ಗದ್ದಲವೆಂದು ಕಂಡದ್ದು ವಾಸ್ತವವಾಗಿ ವಿದ್ಯಾದಾನವಾಗಿತ್ತು.

ಈ ಹಜಾರ ದೇಶವ್ಯಾಪಿಯಾದದ್ದು ಮುಂದಿನ ಘಟ್ಟ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ 'ಯೂಸ್‌ನೆಟ್' ಎಂಬ ವ್ಯವಸ್ಥೆಯಲ್ಲಿ, ಒಂದೂರಿನಲ್ಲಿ ಕೇಳಿದ ಪ್ರಶ್ನೆಗೆ ಇನ್ನೆಲ್ಲಿಂದಲೋ ಅಪರಿಚಿತರು ದೂರವಾಣಿಯ ತಂತಿಯ ಮೂಲಕ ಉತ್ತರ ಕಳಿಸುವಂತಾಯಿತು. ಲಾಭದೊಡನೆ ಎರಡು ಕಷ್ಟಗಳೂ ಬಂದವು. ಕೇಳಿದವರ ಮುಖ ಕಾಣದು. ಕೇಳಿದ್ದನ್ನೇ ಕೇಳುವವರು ತಪ್ಪರು. ಅಮೆರಿಕದ ಕಾಲೇಜುಗಳು ತೆರೆಯುವ ಸೆಪ್ಟೆಂಬರಿನಲ್ಲಿ ಪ್ರತಿವರ್ಷವೂ ಹೊಸಬರ ಪ್ರವಾಹ. ವಾಣಿಜ್ಯ ಸಂಸ್ಥೆಗಳು ತಮ್ಮ ಚಂದಾದಾರರಿಗೂ ಬಾಗಿಲು ತೆರೆದ ಮೇಲೆ ಆ ಪ್ರವಾಹ ಇಳಿಯಲೇ ಇಲ್ಲ. 1993ರ ಸೆಪ್ಟೆಂಬರು ಎಂದೂ ಮುಗಿಯಲಿಲ್ಲವೆಂದು ಹಳಬರು ಹಾಸ್ಯಮಾಡುವುದುಂಟು. ನಮ್ಮ ಮಾತಿನಲ್ಲಿ 'ಕೈಪಿಡಿ ಓದಿ ಸಾಯಿ' ಎನ್ನಬಹುದಾದ ಬೈಗುಳವೊಂದು ಇಂಗ್ಲಿಷಿನ ನಾಲ್ಕಕ್ಷರದ ಸಂಕ್ಷೇಪವಾಗಿ ಬಳಕೆಗೆ ಬಂದಿತು.

ಬೈದವರನ್ನು ಕೇವಲ ಅಹಂಕಾರಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ತಾಳ್ಮೆ ಮಹರ್ಷಿಗಳಿಗೂ ಸುಲಭವಲ್ಲ. ಬೃಹದಾರಣ್ಯಕದಲ್ಲಿ ಗಾರ್ಗಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತ ಹೋದಾಗ, ಇನ್ನೂ ಕೇಳಿದರೆ ತಲೆ ಉರುಳೀತೆಂದು ಯಾಜ್ಞವಲ್ಕ್ಯರು ಎಚ್ಚರಿಸಿದರಷ್ಟೆ. ಆದರೆ ಆಕೆ ಮತ್ತೆ ಎದ್ದು ನಿಂತಾಗ ಅವರು ಅವಳನ್ನು ಗದರಿಸಲಿಲ್ಲ. ವಿಸ್ತಾರವಾಗಿ ಉತ್ತರ ಕೊಟ್ಟರು. ನಮಗೆ ಉಳಿದಿರುವುದು ಆ ಉತ್ತರ.

ಬೇಸರಕ್ಕೆ ಮದ್ದನ್ನು ಕಂಡುಕೊಂಡವರೂ ಅದೇ ಜನರ ನಡುವೆ ಇದ್ದರು. ಮತ್ತೆಮತ್ತೆ ಬರುವ ಪ್ರಶ್ನೆಗಳಿಗೆ ಒಮ್ಮೆ ಸಾವಧಾನವಾಗಿ ಉತ್ತರ ಬರೆದಿಡುವುದೇ ಆ ಮದ್ದು. 'ಸಿ' ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕುರಿತು ಸ್ಟೀವ್ ಸಮ್ಮಿಟ್ ಎಂಬವರು 1990ರಲ್ಲಿ ಹೊರತಂದ ಪ್ರಶ್ನೋತ್ತರಮಾಲೆ ಇದಕ್ಕೆ ಒಳ್ಳೆಯ ನಿದರ್ಶನ. 1995ರಲ್ಲಿ ಅದು ಪುಸ್ತಕವೂ ಆಯಿತು. ಆ ಭಾಷೆಯಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಸ್ಥಳವುಂಟು. ಅದಕ್ಕೆ 'ನಲ್ ಪಾಯಿಂಟರ್' ಎಂದು ಹೆಸರು. ಸಮ್ಮಿಟ್ ಅವರು ಸರಿಯುತ್ತರವನ್ನು ಕೊಟ್ಟು ಸುಮ್ಮನಾಗಲಿಲ್ಲ. ಇಲ್ಲಿ ಇಷ್ಟು ಗೊಂದಲ ಏಕೆ ಹುಟ್ಟುತ್ತದೆಂಬುದನ್ನೇ ಒಂದು ಪ್ರಶ್ನೆಯಾಗಿ ಎತ್ತಿಕೊಂಡು ಕಾರಣಗಳನ್ನು ವಿವರಿಸಿದರು. ತಪ್ಪು ತಿಳಿವಳಿಕೆಗೂ ಒಂದು ತರ್ಕವಿರುತ್ತದೆಂದು ಒಪ್ಪುವುದೇ ಕೇಳಿದವರಿಗೆ ಸಲ್ಲಿಸುವ ಗೌರವವೆಂದು ನನಗೆ ತೋರುತ್ತದೆ. ಅದೇ 1995ರಲ್ಲಿ ಸ್ಯಾಲಿ ಹ್ಯಾಂಬ್ರಿಜ್ ಎಂಬಾಕೆ ಇಂತಹ ಪತ್ರವ್ಯವಹಾರದ ಶಿಷ್ಟಾಚಾರಗಳನ್ನು ಸಂಗ್ರಹಿಸಿದರು. ಓದುವವರೂ ಮನುಷ್ಯರೇ, ಅವರ ಭಾಷೆ, ಸಂಸ್ಕೃತಿ, ಹಾಸ್ಯ ನಮ್ಮವಲ್ಲದಿರಬಹುದು ಎಂಬುದು ಅದರಲ್ಲಿ ಒಂದು ಎಚ್ಚರಿಕೆ. ಕನ್ನಡ ಶಾಲೆಯಲ್ಲಿ ಓದಿ, ಸಂದೇಹವನ್ನು ತೊದಲು ಇಂಗ್ಲಿಷಿನಲ್ಲಿ ಕೇಳಬೇಕಾದ ನಮ್ಮ ಮಕ್ಕಳಿಗೆ ಈ ಮಾತಿನ ಬೆಲೆ ಗೊತ್ತು.

2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ 'ಸ್ಟ್ಯಾಕ್ ಓವರ್‌ಫ್ಲೋ' ಎಂಬ ಪ್ರಶ್ನೋತ್ತರ ಕೇಂದ್ರವನ್ನು ತೆರೆದರು. ಒಳ್ಳೆಯ ಉತ್ತರಕ್ಕೆ ಓದುಗರು ಅಂಕ ಕೊಡುವ ಏರ್ಪಾಡಿನಿಂದ ಅದು ದೊಡ್ಡ ಭಂಡಾರವಾಯಿತು. ಹಳೆಯ ಪ್ರಶ್ನೆಯನ್ನೇ ಕೇಳಿದರೆ ಬಾಗಿಲು ಮುಚ್ಚುವ ಪದ್ಧತಿಯೂ ಅಲ್ಲಿತ್ತು. ಹೊಸಬರಿಗೆ, ಮಹಿಳೆಯರಿಗೆ ಅಲ್ಲಿ ಸ್ವಾಗತ ಸಾಲದೆಂದು 2018ರಲ್ಲಿ ಆ ಸಂಸ್ಥೆಯವರೇ ಬಹಿರಂಗವಾಗಿ ಒಪ್ಪಿಕೊಂಡರು. ಅದೇ ವರ್ಷ ಹೊಸ ನಡವಳಿಕೆಯ ನಿಯಮಗಳನ್ನು ತಂದರು.

2022ರ ಕೊನೆಗೆ ಚಾಟ್‌ಜಿಪಿಟಿ ಬಂದಿತು. ಅದು ಸಿಡುಕುವುದಿಲ್ಲ, ನಗುವುದಿಲ್ಲ, ನೂರು ಸಲ ಕೇಳಿದರೂ ಬೇಸರಿಸುವುದಿಲ್ಲ. ಅಲ್ಲಿಂದೀಚೆಗೆ ಮನುಷ್ಯರನ್ನು ಕೇಳುವ ಪ್ರಶ್ನೆಗಳು ಬಹಳವಾಗಿ ಇಳಿದಿವೆ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಅವಮಾನದ ಭಯವಿಲ್ಲದೆ ಕೇಳುವ ಸ್ಥಳವನ್ನು ಕಲಿಯುವವರು ಎಂದಿನಿಂದಲೂ ಹುಡುಕುತ್ತಿದ್ದರು. ಆದರೆ ಇಂತಹ ಯಂತ್ರಗಳ ವಿದ್ಯೆ ಮನುಷ್ಯರು ಬರೆದಿಟ್ಟ ಮಾತಿನಿಂದಲೇ ಬಂದದ್ದು. ಅಪರಿಚಿತರಿಗಾಗಿ ಯಾರೋ ತಾಳ್ಮೆಯಿಂದ ಬರೆದ ಉತ್ತರಗಳೂ ಅದರಲ್ಲಿ ಸೇರಿವೆ. ಬೈಗುಳದಿಂದ ಯಾರೂ ಪ್ರೋಗ್ರಾಮು ಕಲಿಯಲಿಲ್ಲ. ನಾಳೆ ಹೊಸ ತೊಡಕು ಬಂದಾಗ ಅದನ್ನು ಬಿಡಿಸಿ, ಎಲ್ಲರಿಗೂ ಕಾಣುವಂತೆ ಬರೆದಿಡುವವರು ಬೇಕು. ಅಂಥವರು ಉಳಿಯಬೇಕಾದರೆ, ಕೇಳಲು ಬಂದವರು ಹೆದರಿ ಹಿಂದಿರುಗದ ಹಜಾರವೊಂದು ಎಲ್ಲಾದರೂ ತೆರೆದಿರಬೇಕು.